ಆಟ ಶುರುವಾಗುವ ಮುಂಚಿನ ಶಬ್ದ

ಫೆಬ್ರವರಿ ೯

ಅಣ್ಣಾ,

ಚಿಕ್ಕಮ್ಮನನ್ನು ಕಾಡಿ ಬೇಡಿ ನಿನ್ನ ವಿಳಾಸ ತೆಗೆದುಕೊಂಡೆ. ಫೋನ್ ನಂಬರನ್ನೂ ಕೊಡುತ್ತೇನೆ ಅಂದಳು, ಬೇಡ ಅಂದೆ. ಫೋನಿನಲ್ಲಿ ನಾವಿಬ್ಬರೂ ಎರಡನೇ ಮಾತಿಗೆ ಜಗಳ ತೆಗೆಯುತ್ತೇವೆ. ಕಾಗದದಲ್ಲಾದರೆ ನಾನು ಹೇಳಿ ಮುಗಿಸುವ ತನಕ ನೀನು ನಡುವೆ ಬಾಯಿ ಹಾಕುವ ಹಾಗಿಲ್ಲ.

ಹೇಗಿದ್ದೀಯ ಎಂದು ಕೇಳುವುದಿಲ್ಲ. ಹೆರಿಗೆಗೆ ವಾರವಿರುವಾಗ ನಮ್ಮ ಮನೆಯಿಂದ ಹೇಳದೆ ಕೇಳದೆ ಗಂಟುಮೂಟೆ ಕಟ್ಟಿಕೊಂಡು ಹೋದವನು ಚೆನ್ನಾಗಿಯೇ ಇರುತ್ತಾನೆ. ಹೋಗುವಾಗ ನಿನ್ನ ಹಳೆಯ ವಿಡಿಯೋ ಗೇಮ್ ಪೆಟ್ಟಿಗೆಯ ಜೊತೆ ನಮ್ಮ ಎಕ್ಸ್‌ಟೆನ್ಷನ್ ಬಾಕ್ಸನ್ನೂ ಒಯ್ದಿದ್ದೀಯ. ಇರಲಿ. ಈಗ ನನಗೆ ಬೇಕಾಗಿರುವುದು ಆ ಪೆಟ್ಟಿಗೆಯೊಳಗಿನ ಒಂದು ಶಬ್ದ.

ನಗಬೇಡ. ಕಾರಣ ಹೇಳಿಬಿಡುತ್ತೇನೆ.

ಕಡಲೆಗೆ ಈಗ ಏಳು ತಿಂಗಳು. ಸ್ಕ್ಯಾನಿಂಗ್ ಚಿತ್ರ ನೋಡಿ ‘ಇದೇನೇ, ನೆನೆಸಿಟ್ಟ ಕಡಲೆ ಇದ್ದ ಹಾಗಿದೆ’ ಎಂದು ನೀನಿಟ್ಟ ಹೆಸರೇ ಮನೆಯಲ್ಲಿ ನಿಂತುಬಿಟ್ಟಿದೆ. ಹೋದ ತಿಂಗಳು ಚುಚ್ಚುಮದ್ದಿಗೆ ಕರೆದುಕೊಂಡು ಹೋಗಿದ್ದೆ. ನರ್ಸಮ್ಮನ ಕೈಯಿಂದ ಸ್ಟೀಲ್ ತಟ್ಟೆ ಜಾರಿ ಟೈಲ್ಸ್ ನೆಲಕ್ಕೆ ಬಿತ್ತು. ಅಲ್ಲಿದ್ದ ಮಕ್ಕಳೆಲ್ಲ ಬೆಚ್ಚಿಬಿದ್ದು ಒಂದೇ ಸಮನೆ ಅಳತೊಡಗಿದವು. ನನ್ನವಳು ನನ್ನ ಅಂಗಿಯ ಗುಂಡಿಯನ್ನು ತಿರುಗಿಸುತ್ತ ಕೂತಿದ್ದಳು. ಡಾಕ್ಟರ್ ಅವಳ ಹಿಂದೆ ನಿಂತು ಎರಡು ಸಲ ಚಪ್ಪಾಳೆ ತಟ್ಟಿದರು. ಆಮೇಲೆ ಮೆಲ್ಲಗೆ, “ಕಿವಿ ಪರೀಕ್ಷೆ ಒಂದು ಮಾಡಿಸಿಬಿಡಿ. ತಡ ಮಾಡಬೇಡಿ” ಎಂದರು.

ಮನೆಯಲ್ಲಿ ಹೇಳಿದರೆ ಅತ್ತೆ ನಕ್ಕರು. “ನಮ್ ಮನೆ ಮಕ್ಳೆಲ್ಲ ನಿಧಾನ ಕಣೆ. ನಿನ್ ಗಂಡ ಮೂರು ವರ್ಷ ಆಗೋವರ್ಗೂ ಬಾಯೇ ಬಿಡ್ಲಿಲ್ಲ. ಈಗ ಮುಚ್ಚಲ್ಲ, ಅದು ಬೇರೆ ಮಾತು.”

ನಾನು ಇನ್ನೂ ಪರೀಕ್ಷೆಗೆ ಹೋಗಿಲ್ಲ. ಹೋಗುವ ಮೊದಲು ನಾನೇ ಒಂದು ಪರೀಕ್ಷೆ ಮಾಡಿ ನೋಡಬೇಕು. ನಿನಗೆ ನೆನಪಿದೆಯಲ್ಲ, ಸಂಜೆ ನೀನು ಪೆಟ್ಟಿಗೆಯ ಗುಂಡಿ ಒತ್ತಿದ ಕೂಡಲೇ ಆಳದಿಂದ ಎದ್ದು ಬರುವ ಆ ‘ಘೂಂ’ ಎಂಬ ಶಬ್ದ? ಅದು ಬಂದಾಗಲೆಲ್ಲ ಅವಳು ಹೊಟ್ಟೆಯೊಳಗೆ ಒದೆಯುತ್ತಿದ್ದಳು. ‘ನೋಡು, ಆಟಕ್ಕೆ ಕರೀತಾಳೆ’ ಎನ್ನುತ್ತಿದ್ದೆ ನೀನು. ಅಂದರೆ ಅವಳಿಗೆ ಅದು ಕೇಳುತ್ತಿತ್ತು. ಇವತ್ತು ಅದನ್ನು ಕೇಳಿಸಿದರೆ ಗುರುತು ಹಿಡಿಯದೆ ಇರುತ್ತಾಳೆಯೇ?

ಇಂಟರ್ನೆಟ್ಟಿನಲ್ಲಿ ಯಾರೋ ರೆಕಾರ್ಡ್ ಮಾಡಿದ್ದು ಸಿಕ್ಕಿತು, ಮೊಬೈಲಿನಲ್ಲಿ ಹಾಕಿದೆ. ತಿರುಗಲಿಲ್ಲ. ಆದರೆ ಅದು ತಗಡಿನ ಡಬ್ಬಿಯೊಳಗಿನಿಂದ ಬಂದ ಹಾಗಿತ್ತು, ನನಗೇ ಗುರುತು ಸಿಗಲಿಲ್ಲ. ಆಮೇಲೆ ಲ್ಯಾಪ್‌ಟಾಪಿಗೆ ಎಮ್ಯುಲೇಟರ್ ಹಾಕಿಕೊಂಡೆ. ಅದೇ, ಹಳೆಯ ಪೆಟ್ಟಿಗೆಯಂತೆ ನಟಿಸುವ ಸಾಫ್ಟ್‌ವೇರ್. ನೀನು ಬಿಟ್ಟುಹೋದ ಕಾರ್ ರೇಸಿನ ಡಿಸ್ಕನ್ನೂ ಅದಕ್ಕೆ ಸೇರಿಸಿದೆ. ಆಟ ಬಂತು. ಆದರೆ ನೇರವಾಗಿ ಆಟವೇ ಬಂತು. ಆ ಶಬ್ದವೂ ಇಲ್ಲ, ಆ ಬೆಳಕೂ ಇಲ್ಲ. ಅದು ಎಲ್ಲಿ ಹೋಯಿತು? ಇದಕ್ಕೆ ಉತ್ತರ ಬರೆ. ಬೈಗುಳ ಬೇಕಾದರೆ ಬೇರೆ ಹಾಳೆಯಲ್ಲಿ ಬರೆ.

ನಿನ್ನ
ಗೊಣಗಿ


ಫೆಬ್ರವರಿ ೨೦

ಗೊಣಗಿ,

ಕಾಗದ ಬಂತು. ಎಕ್ಸ್‌ಟೆನ್ಷನ್ ಬಾಕ್ಸ್ ನಾನು ದುಡ್ಡು ಕೊಟ್ಟು ತಂದದ್ದು, ಭಾವನನ್ನೇ ಕೇಳು.

ನಾನೀಗ ಲಿಫ್ಟ್ ರಿಪೇರಿ ಕಂಪನಿಯಲ್ಲಿದ್ದೇನೆ. ದಿನಕ್ಕೆ ಹತ್ತು ಸಲ ಮೇಲಕ್ಕೆ ಏರುತ್ತೇನೆ, ಬಡ್ತಿ ಮಾತ್ರ ಸಿಕ್ಕಿಲ್ಲ.

ನಿನ್ನ ಪ್ರಶ್ನೆಗೆ ಉತ್ತರ. ಆ ಶಬ್ದ ಡಿಸ್ಕಿನಲ್ಲಿ ಇಲ್ಲ. ಪೆಟ್ಟಿಗೆಯೊಳಗಿನ ಒಂದು ಎಲೆಕ್ಟ್ರಾನಿಕ್ ಚಿಪ್‌ನಲ್ಲಿದೆ. ಡಿಸ್ಕ್ ಹಾಕುವ ಮುಂಚೆಯೇ ಪೆಟ್ಟಿಗೆಗೆ ಗೊತ್ತಿರಬೇಕಾದದ್ದು ಒಂದಿಷ್ಟಿರುತ್ತದೆ. ಎಚ್ಚರವಾಗುವುದು ಹೇಗೆ, ಪರದೆಗೆ ಬೆಳಕು ಕಳಿಸುವುದು ಹೇಗೆ, ಯಾರಾದರೂ ಗುಂಡಿ ಒತ್ತಿದರೆ ತಿಳಿದುಕೊಳ್ಳುವುದು ಹೇಗೆ. ಅದನ್ನು ಆಮೇಲೆ ಯಾರೂ ಕಲಿಸಿದ್ದಲ್ಲ. ಕಾರ್ಖಾನೆಯಲ್ಲೇ ಬರೆದು ಕಳಿಸಿರುತ್ತಾರೆ. ಅದಕ್ಕೆ ಬಯಾಸ್ ಅನ್ನುತ್ತಾರೆ. ಎಮ್ಯುಲೇಟರ್ ಮಾಡುವವರು ಅದನ್ನು ಜೊತೆಗೆ ಕೊಡುವ ಹಾಗಿಲ್ಲ, ಅದು ಕಂಪನಿಯ ಸೊತ್ತು. ‘ನಿಮ್ಮ ಪೆಟ್ಟಿಗೆಯಿಂದ ನೀವೇ ತೆಗೆದುಕೊಳ್ಳಿ’ ಎನ್ನುತ್ತಾರೆ. ಇಲ್ಲದವರಿಗೆ ಒಂದು ಬದಲಿ ವ್ಯವಸ್ಥೆ ಇರುತ್ತದೆ. ಅದು ಆಟ ಓಡಿಸುತ್ತದೆ, ಎಚ್ಚರವಾಗುವ ಶಾಸ್ತ್ರವನ್ನು ಹಾರಿಸಿಬಿಡುತ್ತದೆ. ಅದಕ್ಕೇ ನಿನಗೆ ಶಬ್ದ ಬರಲಿಲ್ಲ.

ಕಂಡಕಂಡ ಕಡೆ ಡೌನ್‌ಲೋಡ್ ಮಾಡಬೇಡ. ನಮ್ಮ ಪೆಟ್ಟಿಗೆ ನನ್ನ ಹತ್ತಿರ ಇದೆ, ಆದರೆ ಆನ್ ಆಗುತ್ತಿಲ್ಲ. ಮಂಚದ ಕೆಳಗೆ ಮಲಗಿದೆ.

ಮಗುವನ್ನು ಪರೀಕ್ಷೆಗೆ ಕರೆದುಕೊಂಡು ಹೋಗು.

ಅಣ್ಣ


ಮಾರ್ಚ್ ೧

ಅಣ್ಣಾ,

ಡೌನ್‌ಲೋಡ್ ಮಾಡಿದೆ. ನೀನು ಬೇಡ ಅಂದದ್ದನ್ನು ನಾನು ಯಾವತ್ತು ಬಿಟ್ಟಿದ್ದೇನೆ?

ಆದರೆ ಇದೆಷ್ಟು ವಿಚಿತ್ರ ಲೋಕ ಎಂದು ನೀನೇಕೆ ಮೊದಲೇ ಹೇಳಲಿಲ್ಲ? ನನಗೀಗ ನಿದ್ದೆ ಎಂಬುದು ತುಂಡು ತುಂಡಾಗಿ ಬರುವ ವಸ್ತು. ಮಗು ಮಲಗಿದಾಗ ಮಲಗು ಎಂದು ಎಲ್ಲರೂ ಹೇಳುತ್ತಾರೆ. ಮಗು ಮಲಗಿದಾಗ ನಾನು ಈ ಬಯಾಸ್ ಫೈಲುಗಳ ಬಗ್ಗೆ ಓದುತ್ತೇನೆ. ಮೊದಲನೆಯದನ್ನು ಸಿಸ್ಟಮ್ ಎಂಬ ಫೋಲ್ಡರಿನಲ್ಲಿ ಇಟ್ಟೆ, ‘ಫೈಲ್ ಸಿಗಲಿಲ್ಲ’ ಎಂದಿತು. ಕಣ್ಣೆದುರಿಗೇ ಇದೆ, ಸಿಗಲಿಲ್ಲವಂತೆ. ಅರ್ಧ ಮಧ್ಯಾಹ್ನ ಹೋದ ಮೇಲೆ ತಿಳಿಯಿತು, ಹೆಸರಿನಲ್ಲಿ ಒಂದು ದೊಡ್ಡಕ್ಷರ ಇತ್ತು, ಎಲ್ಲವೂ ಚಿಕ್ಕಕ್ಷರದಲ್ಲೇ ಇರಬೇಕು. ಇಷ್ಟು ಮಡಿವಂತಿಕೆ ನಮ್ಮ ಅತ್ತೆಗೂ ಇಲ್ಲ.

ತಿದ್ದಿದೆ. ಎದ್ದಿತು. ಆದರೆ ಪರದೆಯ ಮೇಲೆ ಬೇರೆ ದೇಶದ ಲಿಪಿ. ಒಂದೊಂದು ದೇಶಕ್ಕೆ ಮಾರಿದ ಪೆಟ್ಟಿಗೆಗೆ ಒಂದೊಂದು ಬಯಾಸ್ ಅಂತೆ. ಶಬ್ದವೇನೋ ಬಂತು. ಕಡಲೆ ತಿರುಗಲಿಲ್ಲ. ನಾನಂದುಕೊಂಡೆ, ಇದು ಅವಳು ಕೇಳಿದ ಪೆಟ್ಟಿಗೆಯಲ್ಲ, ಹೇಗೆ ತಿರುಗುತ್ತಾಳೆ? ಎರಡನೆಯದು ತಂದೆ. ಅದು ನಮ್ಮ ಮಾದರಿಯದೇ ಅಂದರು. ಆದರೆ ಪ್ರತಿ ಫೈಲಿಗೂ ಬೆರಳಚ್ಚಿನ ಹಾಗೆ ಒಂದು ಸಾಲು ಅಕ್ಷರ, ಅಂಕಿ ಇರುತ್ತದಲ್ಲ, ಒಳಗೆ ಒಂದು ಚುಕ್ಕೆ ಆಚೀಚೆಯಾದರೂ ಇಡೀ ಸಾಲೇ ಬದಲಾಗುವಂಥದ್ದು, ಅದು ಹೊಂದಲಿಲ್ಲ. ಅಂದರೆ ಯಾರೋ ಕೈಯಾಡಿಸಿದ್ದಾರೆ, ಇಲ್ಲವೇ ಇಳಿಸುವಾಗ ಕೆಟ್ಟಿದೆ. ಶಬ್ದ ನನ್ನ ಕಿವಿಗೆ ಸರಿಯಾಗಿಯೇ ಇತ್ತು. ಅವಳ ಕಿವಿ ನನ್ನದಕ್ಕಿಂತ ಚುರುಕಾಗಿದ್ದರೆ? ಆ ಸಣ್ಣ ವ್ಯತ್ಯಾಸ ಅವಳಿಗೆ ಗೊತ್ತಾಗಿದ್ದರೆ?

ಇವರು ಬಣ್ಣದಂಗಡಿಯಿಂದ ಊಟಕ್ಕೆ ಬಂದವರು ಬಾಗಿಲಲ್ಲೇ ನಿಂತು ನೋಡಿದರು. ಉಗುರಿನ ಸಂದಿಯಲ್ಲಿ ಯಾರದೋ ಮನೆಯ ಗೋಡೆಯ ಹಸಿರು ಇನ್ನೂ ಇತ್ತು.

“ಏನಿದು, ನಿಮ್ಮಣ್ಣನ ಕಾಯಿಲೆ ನಿಂಗೂ ಹತ್ಕೊಂಡ್ತಾ?”

“ಮಗೂಗೆ.”

“ಮಗೂಗೆ ಏನು?”

“ಅದನ್ನೇ ನೋಡ್ತಾ ಇದೀನಿ.”

ಮುಂದೆ ಕೇಳಲಿಲ್ಲ. ಕೇಳಿದರೆ ಉತ್ತರ ಹೇಳಿಬಿಟ್ಟೇನು ಎಂಬ ಹೆದರಿಕೆ ಅವರಿಗೂ ಇದೆ.

ಇನ್ನೊಂದು ಮಾತು. ‘ಕಾರ್ಖಾನೆಯಲ್ಲೇ ಬರೆದು ಕಳಿಸಿರುತ್ತಾರೆ’ ಎಂದು ಬರೆದೆಯಲ್ಲ, ಆ ಸಾಲು ನನ್ನ ತಲೆಯಿಂದ ಹೋಗುತ್ತಿಲ್ಲ. ಬರೆಯುವಾಗಲೇ ಒಂದು ಬಿಟ್ಟುಹೋಗಿದ್ದರೆ ಏನು ಮಾಡುತ್ತಾರೆ? ಪೆಟ್ಟಿಗೆಯ ವಿಷಯ ಕೇಳುತ್ತಿದ್ದೇನೆ.

ಮಂಚದ ಕೆಳಗೆ ಮಲಗಿರುವುದನ್ನು ಎಬ್ಬಿಸು.

ಗೊಣಗಿ


ಮಾರ್ಚ್ ೧೨

ಗೊಣಗಿ,

ಫೈಲುಗಳನ್ನು ಪರೀಕ್ಷೆ ಮಾಡಿದ್ದು ಸಾಕಷ್ಟಾಯಿತು. ಮಗುವನ್ನು ಒಮ್ಮೆಯೂ ಇಲ್ಲ. ಬಿ.ಎಸ್ಸಿ. ಭೌತಶಾಸ್ತ್ರದಲ್ಲಿ ಇದನ್ನೇ ಹೇಳಿಕೊಟ್ಟರಾ?

ಸಿಟ್ಟಾಗಬೇಡ. ಪೆಟ್ಟಿಗೆ ಬಿಚ್ಚಿದೆ. ಚಿಪ್‌ಗೆ ಏನೂ ಆಗಿಲ್ಲ, ಕರೆಂಟಿನ ಬೋರ್ಡು ಸುಟ್ಟಿದೆ. ಹಳೇ ಸಾಮಾನಿನ ಅಂಗಡಿಯಲ್ಲಿ ಇದೇ ಮಾದರಿಯ ಇನ್ನೊಂದು ಪೆಟ್ಟಿಗೆ ಇತ್ತು, ಮೇಲಿನ ಮುಚ್ಚಳ ಒಡೆದದ್ದು. ಅಂಗಡಿಯವನು, “ಇದ್ಯಾತಕ್ಕೆ ಸಾರ್, ಹೊಸ ಪೆಟ್ಟಿಗೇನೇ ತಗೊಳ್ಳಿ” ಅಂದ. ನಮ್ಮ ಮನೆಯಲ್ಲಿ ಒಬ್ಬಳು ಹಳೇ ಶಬ್ದಾನೇ ಬೇಕು ಅಂತಿದಾಳೆ ಅಂದೆ. ವಯಸ್ಸಾದವರಾ ಎಂದು ಕೇಳಿದ. ಎಂಟು ತಿಂಗಳು ಅಂದೆ. ಚೌಕಾಸಿ ಮಾಡದೆ ಕೊಟ್ಟುಬಿಟ್ಟ, ಹುಚ್ಚ ಅಂದುಕೊಂಡಿರಬೇಕು.

ಅದರ ಕರೆಂಟಿನ ಬೋರ್ಡನ್ನು ಭಾನುವಾರ ನಮ್ಮ ಪೆಟ್ಟಿಗೆಗೆ ಜೋಡಿಸುತ್ತೇನೆ.

ನೀನು ಕೇಳಿದ್ದಕ್ಕೆ: ಬರೆಯುವಾಗಲೇ ಬಿಟ್ಟುಹೋದದ್ದಿದ್ದರೆ, ಅದು ಇಲ್ಲ ಎಂದು ತಿಳಿದುಕೊಂಡು ಹೊರಗಿನಿಂದ ದಾರಿ ಮಾಡುತ್ತಾರೆ. ಇದೆ ಅಂದುಕೊಂಡು ಕೂತರೆ ಏನೂ ಮಾಡುವ ಹಾಗಿಲ್ಲ. ಪೆಟ್ಟಿಗೆಯ ವಿಷಯ ಹೇಳುತ್ತಿದ್ದೇನೆ.

ಅಣ್ಣ


ಮಾರ್ಚ್ ೩೦

ಗೊಣಗಿ,

ಇದರ ಜೊತೆ ಕಾಲುಚೀಲದಲ್ಲಿ ಸುತ್ತಿದ ಪೆನ್‌ಡ್ರೈವ್ ಇದೆ. ಕಾಲುಚೀಲ ಒಗೆದದ್ದು, ಮೂಗು ಮುಚ್ಚಬೇಡ.

ಒಳಗೆ ಒಂದೇ ಫೈಲ್, ನಮ್ಮ ಪೆಟ್ಟಿಗೆಯಿಂದ ತೆಗೆದ ಬಯಾಸ್. ಬರೀ ಐನೂರು ಚಿಲ್ಲರೆ ಕೆ.ಬಿ. ನಿನ್ನ ಮೊಬೈಲಿನ ಒಂದು ಫೋಟೋಗಿಂತಲೂ ಚಿಕ್ಕದು. ಅಷ್ಟರಲ್ಲೇ ಆ ಬೆಳಕು, ಆ ಶಬ್ದ, ಎಲ್ಲ. ಬೆರಳಚ್ಚಿನ ಸಾಲು ನೋಡಿದೆ, ಅಕ್ಷರಕ್ಕಕ್ಷರ ಹೊಂದಿದೆ. ಹೆಸರನ್ನೂ ಚಿಕ್ಕಕ್ಷರದಲ್ಲೇ ಇಟ್ಟಿದ್ದೇನೆ, ಮಡಿ ಕೆಟ್ಟಿಲ್ಲ. ಇದು ನಮ್ಮದೇ. ಅವಳು ಕೇಳಿದ್ದೇ.

ಪೆಟ್ಟಿಗೆ ಎದ್ದಾಗ ಪಕ್ಕದ ಕೋಣೆಯವನು ಬಂದು, “ಏನ್ ಗುರು, ಇದು ನಮ್ಮನೇಲೂ ಇತ್ತು” ಎಂದು ನೆಲದ ಮೇಲೇ ಕೂತುಬಿಟ್ಟ. ಊಟದ ಹೊತ್ತಾದರೂ ಏಳಲಿಲ್ಲ. ಅವನನ್ನು ನೋಡಿ ನಿಮ್ಮ ನಡುಮನೆ ನೆನಪಾಯಿತು.

ಏನಾಯಿತು ಎಂದು ಕೂಡಲೇ ಬರೆ.

ಅಣ್ಣ


ಏಪ್ರಿಲ್ ೬

ಅಣ್ಣಾ,

ಬಂತು. ಮೊದಲು ಕಪ್ಪು, ಆಮೇಲೆ ಬಿಳಿ, ಆಮೇಲೆ ಆ ಶಬ್ದ. ನನಗೆ ಒಮ್ಮೆಗೇ ನೀನು ಚಾಪೆಯ ಮೇಲೆ ಮಂಡಿ ಮಡಚಿ ಕೂತಿದ್ದು, ಒದ್ದೆ ಟವಲ್ ಕುರ್ಚಿಯ ಮೇಲಿದ್ದುದಕ್ಕೆ ನಾನು ಬೈಯುತ್ತಿದ್ದುದು, ಎಲ್ಲ ಬಂತು. ಶಬ್ದ ಬಂದಿತೆಂದರೆ ಬಂದಿತು, ಅನುಮಾನವೇ ಇಲ್ಲ.

ಕಡಲೆ ನನ್ನ ಎದುರು ಕೂತು ಪ್ಲಾಸ್ಟಿಕ್ ಚಮಚ ಕಚ್ಚುತ್ತಿದ್ದಳು. ಕಚ್ಚುತ್ತಲೇ ಇದ್ದಳು.

ಮತ್ತೆ ಹಾಕಿದೆ. ಮತ್ತೆ. ಅವಳು ನನ್ನ ಮುಖ ನೋಡಿ ನಕ್ಕಳು. ನನ್ನ ಮುಖದಲ್ಲಿ ಏನೋ ತಮಾಷೆ ಇದ್ದಿರಬೇಕು.

ಇನ್ನು ಯಾವ ಫೈಲನ್ನು ಬೈಯಲಿ? ದೇಶ ಸರಿ, ಮಾದರಿ ಸರಿ, ಬೆರಳಚ್ಚು ಸರಿ. ನೀನು ‘ಇದು ನಮ್ಮದೇ’ ಎಂದು ಬರೆಯದೆ ಇದ್ದಿದ್ದರೆ ಇನ್ನೊಂದು ತಿಂಗಳು ಹುಡುಕುತ್ತಿದ್ದೆ.

ಆದರೂ ಒಂದು ಮಾತು ನನಗೆ ಅರ್ಥವಾಗುತ್ತಿಲ್ಲ. ಆಗ ಒದೆಯುತ್ತಿದ್ದಳು, ಅದು ಸುಳ್ಳಲ್ಲ. ನೀನೂ ನೋಡಿದ್ದೀಯ. ತಟ್ಟೆಯನ್ನು ನನ್ನ ಹೊಟ್ಟೆಯ ಮೇಲಿಟ್ಟುಕೊಂಡಿದ್ದಾಗ ತಟ್ಟೆಯೇ ಕುಣಿದಿತ್ತು. ಆಗ ಇದ್ದು ಈಗ ಇಲ್ಲದ್ದು ಏನು? ಫೈಲ್ ಅದೇ, ಮಗು ಅದೇ. ಲ್ಯಾಪ್‌ಟಾಪಿನ ಸ್ಪೀಕರ್ ಚಿಕ್ಕದು. ಇನ್ನೇನು? ಯೋಚನೆ ಮಾಡಿ ಬರೆ. ನನ್ನ ತಲೆ ಹಿಂಡಿದ ಬಟ್ಟೆಯಂತಾಗಿದೆ. ನಿನ್ನೆ ಮಜ್ಜಿಗೆಗೆ ಸಕ್ಕರೆ ಹಾಕಿದೆ, ಅತ್ತೆ ಮಾತಾಡದೆ ಕುಡಿದರು. ಅವರು ಮಾತಾಡದೆ ಕುಡಿದದ್ದೇ ನನಗೆ ಭಯ.

ಗೊಣಗಿ


ಏಪ್ರಿಲ್ ೧೪

ಗೊಣಗಿ,

ಯೋಚಿಸಿದೆ. ಆಗ ನನ್ನ ಹತ್ತಿರ ಮರದ ಡಬ್ಬದ ದೊಡ್ಡ ಸ್ಪೀಕರ್ ಇತ್ತು. ಕಾಲಿಗೆ ತಾಗುತ್ತದೆ ಎಂದು ಭಾವ ಗೊಣಗಿದ ಮೇಲೆ ಅದನ್ನು ನೀನು ಒರಗುತ್ತಿದ್ದ ದಿವಾನದ ಕೆಳಗೆ ತಳ್ಳಿದ್ದೆ. ಆಟ ಶುರುವಾದ ಮೇಲೆ ಶಬ್ದ ತಗ್ಗಿಸುತ್ತಿದ್ದೆ, ಆದರೆ ಮೊದಲ ಆ ‘ಘೂಂ’ ಮಾತ್ರ ಪೂರ್ತಿ ಬಿಡುತ್ತಿದ್ದೆ. ಅದನ್ನು ತಗ್ಗಿಸಲು ನನಗೆ ಮನಸ್ಸಾಗುತ್ತಿರಲಿಲ್ಲ.

ಆ ಸ್ಪೀಕರನ್ನು ಲಾರಿ ಪಾರ್ಸಲ್ಲಿನಲ್ಲಿ ಕಳಿಸಿದ್ದೇನೆ. ಲ್ಯಾಪ್‌ಟಾಪಿಗೆ ಚುಚ್ಚುವ ವೈರೂ ಇದೆ.

ಇನ್ನೊಂದು ವಿಷಯ ಬರೆಯಬೇಕೆಂದಿದ್ದೆ. ಮೊದಲು ಹಾಕಿ ನೋಡು. ಆಮೇಲೆ ಬರೆಯುತ್ತೇನೆ.

ಅಣ್ಣ


ಏಪ್ರಿಲ್ ೨೭

ಅಣ್ಣಾ, ಅಣ್ಣಾ,

ತಿರುಗಿದಳು.

ಸ್ಪೀಕರ್ ನಿನ್ನೆ ಬಂತು. ಇವರೇ ಹೊತ್ತು ತಂದು, ಬೆವರೊರೆಸಿಕೊಳ್ಳುತ್ತ, “ಇದು ವಾಪಸ್ ಬರೋದು ನನ್ ಹಣೇಲಿ ಬರೆದಿತ್ತು” ಎಂದರು. ದಿವಾನದ ಕೆಳಗೆ ಮೊದಲಿದ್ದ ಜಾಗಕ್ಕೇ ತಳ್ಳಿದೆವು. ಮೇಲೆ ಕಡಲೆಯನ್ನು ಕೂರಿಸಿ, ಅವಳ ಕಣ್ಣಿಗೆ ಬೀಳದಂತೆ ಹಿಂದೆ ನಿಂತು ಗುಂಡಿ ಒತ್ತಿದೆ. ‘ಘೂಂ’ ಎಂದಿತು. ಚಮಚ ಕೈಯಿಂದ ಬಿತ್ತು. ಉಸಿರು ಹಿಡಿದ ಹಾಗೆ ಒಂದು ಗಳಿಗೆ ಕೂತಳು, ಕಣ್ಣು ಅಷ್ಟಗಲ. ಆಮೇಲೆ ಎರಡೂ ಅಂಗೈಯನ್ನು ದಿವಾನದ ಹಲಗೆಯ ಮೇಲೆ ಊರಿ, ಇಷ್ಟು ದಿನ ನಾನು ಕಾಣದ ಒಂದು ನಗೆ ನಕ್ಕಳು. ಗುರುತು ಸಿಕ್ಕವರನ್ನು ನೋಡಿ ನಗುವ ನಗೆ.

ಅತ್ತೆ ಅಡುಗೆಮನೆಯಿಂದ ಓಡಿ ಬಂದರು. “ನಾ ಹೇಳಿರ್ಲಿಲ್ವಾ? ಹೇಳಿರ್ಲಿಲ್ವಾ ನಾನು?” ಎಂದು ಎಲ್ಲರ ಮುಖಕ್ಕೂ ಕೇಳಿದರು. ಇವರು ತಾನೊಮ್ಮೆ ಒತ್ತುತ್ತೇನೆ ಎಂದರು. ಆಮೇಲೆ ಅತ್ತೆ. ಕೆಳಗಿನ ಮನೆಯ ಟೀಚರ್ ಸದ್ದೇನು ಎಂದು ಬೈಯಲು ಬಂದವರು ತಾವೂ ಒಮ್ಮೆ ಒತ್ತಿ ಹೋದರು. ಪ್ರತಿ ಸಲವೂ ತಿರುಗಿದಳು.

ರಾತ್ರಿ ಮಲಗಿದೆ, ಅಣ್ಣಾ. ಕನಸೇ ಇಲ್ಲದ ನಿದ್ದೆ.

ನೀನು ಬರೆಯುತ್ತೇನೆ ಅಂದ ವಿಷಯ ಏನು? ಇನ್ನು ಏನಾದರೂ ಬರೆ, ನನಗೆ ಹೆದರಿಕೆಯಿಲ್ಲ.

ಗೊಣಗಿ


ಮೇ ೩

ಗೊಣಗಿ,

ನಿನ್ನ ಕಾಗದವನ್ನು ಮೂರು ದಿನ ಜೇಬಿನಲ್ಲಿಟ್ಟುಕೊಂಡು ಓಡಾಡಿದೆ. ಒಂದು ಲಿಫ್ಟಿನ ಮೇಲೆ ಕೂತು ಮತ್ತೆ ಓದಿದೆ.

ಒಂದು ಪ್ರಶ್ನೆ. ಕೇಳಬಾರದು ಅಂದುಕೊಂಡಿದ್ದೆ. ನೀನು ಇಷ್ಟು ತಿಂಗಳ ಮೇಲೆ ಮಲಗಿದ್ದೀಯ.

ಸ್ಪೀಕರ್ ದಿವಾನಕ್ಕೆ ತಾಗಿಕೊಂಡಿದೆಯಾ?

ಅಣ್ಣ


ಮೇ ೪

ಅಣ್ಣಾ,

ನಿನ್ನಿಂದ ಪತ್ರ ಬಂದಿಲ್ಲ. ಬರುವ ಮೊದಲೇ ನಾನು ಬರೆಯಬೇಕು.

ಮೊನ್ನೆಯವರೆಗೂ ಖುಷಿಯಾಗಿದ್ದೆ. ಆ ದಿನ ಅವಳು ದಿವಾನದ ಮೇಲೆ ಮಲಗಿ ಮಗ್ಗುಲಾಗುತ್ತಿದ್ದಾಗ ಅವಳ ಅಂಗೈಗಳನ್ನೇ ನೋಡುತ್ತಿದ್ದೆ. ಎಲ್ಲ ಮಕ್ಕಳೂ ಶಬ್ದ ಬಂದ ಕಡೆಗೆ ತಿರುಗುತ್ತಾರೆ. ಇವಳು ತಿರುಗಿದ್ದು ಎಲ್ಲಿಗೆ? ಇವಳು ಹಲಗೆ ಹಿಡಿದುಕೊಂಡಳು. ಆಗ ಕಾಲೇಜಿನ ಪ್ರಯೋಗಾಲಯ ನೆನಪಾಯಿತು. ಟ್ಯೂನಿಂಗ್ ಫೋರ್ಕನ್ನು ಬಡಿದು ಮೇಜಿಗೆ ಒತ್ತಿ ಹಿಡಿಯುವುದು, ಮೇಜಿನ ಇನ್ನೊಂದು ತುದಿಯಲ್ಲಿ ಕೈಯಿಟ್ಟರೆ ಅದರ ನಡುಕ ತಿಳಿಯುವುದು. ಅಲ್ಲಿ ಮೇಡಂ ಒಂದೇ ಮಾತು ಹೇಳುತ್ತಿದ್ದರು: “ಒಂದ್ಸಲಕ್ಕೆ ಒಂದನ್ನೇ ಬದಲಿಸಿ. ಎರಡು ಬದಲಿಸಿದ್ರೆ ನಿಮಗೇನೂ ಗೊತ್ತಾಗಲ್ಲ.”

ಅಷ್ಟು ತಿಂಗಳು ನಾನು ಫೈಲುಗಳನ್ನೇ ಬದಲಿಸಿದೆ. ಸ್ಪೀಕರ್ ಬಂದ ದಿನ ಎರಡನ್ನು ಒಟ್ಟಿಗೆ ಬದಲಿಸಿದ್ದೆ: ಶಬ್ದ ದೊಡ್ಡದಾಯಿತು, ಜೊತೆಗೆ ಅದು ಹಲಗೆಗೂ ತಾಗಿತು.

ಇವತ್ತು ಬೆಳಗ್ಗೆ ಅತ್ತೆ ತರಕಾರಿಗೆ ಹೋದಾಗ ಸ್ಪೀಕರನ್ನು ಈಚೆಗೆ ಎಳೆದು, ಮಡಚಿದ ಕಂಬಳಿಯ ಮೇಲೆ ಇಟ್ಟೆ. ಅವಳಿಂದ ದೂರ ಅದೇ, ಶಬ್ದ ಅಷ್ಟೇ. ಹಲಗೆಗೆ ಮಾತ್ರ ತಾಗುವುದಿಲ್ಲ. ಒತ್ತಿದೆ. ಅವಳು ತನ್ನ ಕಾಲ್ಬೆರಳು ಹಿಡಿದುಕೊಂಡು ಆಡುತ್ತಿದ್ದಳು. ಶಬ್ದ ಏರಿಸಿದೆ. ಕಿಟಕಿಯ ಗಾಜು ಗಡಗಡ ಎಂದಿತು. ಕೆಳಗಿನ ಟೀಚರ್ ಕೂಗಿದರು. ಕಾಲ್ಬೆರಳು ಹಿಡಿದೇ ಇದ್ದಳು.

ಆಮೇಲೆ ಎಲ್ಲ ಆರಿಸಿದೆ. ಅವಳ ಬೆನ್ನ ಹಿಂದೆ ಕೂತು, ಬಟ್ಟೆ ಸುತ್ತಿದ ಗೆಣ್ಣಿನಿಂದ ದಿವಾನದ ಹಲಗೆಯನ್ನು ಮೆಲ್ಲಗೆ ತಟ್ಟಿದೆ. ನನ್ನ ಕಿವಿಗೂ ಸರಿಯಾಗಿ ಕೇಳದಷ್ಟು ಮೆಲ್ಲಗೆ.

ತಿರುಗಿದಳು. ಅದೇ ನಗೆ.

ನೀನು ಬರೆಯಬೇಕೆಂದು ನಿಲ್ಲಿಸಿದ್ದು ಇದನ್ನೇ ಎಂದು ಈಗ ಗೊತ್ತಾಯಿತು. ನಿಲ್ಲಿಸಿದ್ದು ಒಳ್ಳೆಯದೇ ಆಯಿತು. ನೀನು ಹೇಳಿದ್ದರೆ ನಿನ್ನ ಮೇಲೆ ಸಿಟ್ಟು ಬರುತ್ತಿತ್ತು, ಮತ್ತೆ ಇನ್ನೊಂದು ಫೈಲ್ ಹುಡುಕುತ್ತಿದ್ದೆ.

ಮಧ್ಯಾಹ್ನ ಇವರು ಊಟಕ್ಕೆ ಬಂದಾಗ ಮಾಡಿಯೇ ತೋರಿಸಿದೆ. ಕಂಬಳಿಯ ಮೇಲೆ ಒಮ್ಮೆ, ಹಲಗೆಗೆ ತಾಗಿಸಿ ಒಮ್ಮೆ.

“ಹಂಗಾದ್ರೆ ಅವತ್ತು ನಾವೆಲ್ಲ ಒತ್ತಿದ್ದು...”

“ಹೂಂ.”

“ಅಮ್ಮಂಗೆ ಯಾರು ಹೇಳೋದು?”

“ನೀವು. ಮೂರು ವರ್ಷ ಬಾಯಿ ಬಿಡದೇ ಇದ್ದೋರು ನೀವು ತಾನೇ.”

ನಕ್ಕರು, ಆಮೇಲೆ ತಟ್ಟೆಯ ಮುಂದೆ ಹಾಗೇ ಕೂತು ಕಣ್ಣೊರೆಸಿಕೊಂಡರು. ಅಂಗಡಿಗೆ ಫೋನ್ ಮಾಡಿ ಇವತ್ತು ಬರುವುದಿಲ್ಲ ಎಂದರು. ಕಿವಿ ಪರೀಕ್ಷೆಯ ಜಾಗಕ್ಕೂ ಅವರೇ ಫೋನ್ ಮಾಡಿದರು. ಬುಧವಾರ ಬನ್ನಿ ಅಂದಿದ್ದಾರೆ.

ಗೊಣಗಿ


ಮೇ ೨೩

ಅಣ್ಣಾ,

ನಿನ್ನ ಮೂರು ಸಾಲಿನ ಕಾಗದ ನನ್ನದು ಹೊರಟ ಮರುದಿನ ಬಂತು. ತಾಗಿಕೊಂಡಿತ್ತು.

ಪರೀಕ್ಷೆಯ ವಿಷಯ ಬರೆಯಲು ಇಷ್ಟು ದಿನ ಬೇಕಾಯಿತು. ಅದು ಗೋಡೆಗೆಲ್ಲ ಮೆತ್ತೆ ಹೊದಿಸಿದ ಚಿಕ್ಕ ಕೋಣೆ, ಬಾಗಿಲು ಬ್ಯಾಂಕಿನ ತಿಜೋರಿಯಷ್ಟು ದಪ್ಪ. ಮಗು ಮಲಗಿದ್ದರೆ ಮಾತ್ರ ಮಾಡಲಾಗುತ್ತದೆ, ಬೆಳಗ್ಗೆಯಿಂದ ಮಲಗಿಸದೆ ಕರೆತನ್ನಿ ಎಂದಿದ್ದರು. ಪರೀಕ್ಷೆ ಮಾಡುವವಳು ನನಗಿಂತ ಚಿಕ್ಕವಳು. ಕಡಲೆಯ ಹಣೆಗೂ ಕಿವಿಯ ಹಿಂದೆಯೂ ವೈರು ಅಂಟಿಸಿ, ಕಿವಿಗೆ ಶಬ್ದ ಬಿಟ್ಟು, ಮೆದುಳಿನ ತನಕ ಅದು ಹೋಯಿತೇ ಇಲ್ಲವೇ ಎಂದು ಕಂಪ್ಯೂಟರಿನಲ್ಲಿ ಗೆರೆ ನೋಡುತ್ತಾಳೆ. ಕಡಲೆಯನ್ನು ತೊಡೆಯ ಮೇಲೆ ಹಾಕಿಕೊಂಡು ಒರಗು ಕುರ್ಚಿಯಲ್ಲಿ ಕೂತೆ. ಅವಳು ಮಲಗಿದಳು. ಅಷ್ಟು ನಿಶ್ಶಬ್ದವಾದ ಜಾಗದಲ್ಲಿ ನಾನು ಎಂದೂ ಕೂತಿರಲಿಲ್ಲ. ಆ ಹುಡುಗಿ ಭುಜ ಮುಟ್ಟಿ, “ಮೇಡಂ, ಮುಗೀತು. ಇಬ್ರೂ ಚೆನ್ನಾಗಿ ನಿದ್ದೆ ಮಾಡಿದ್ರಿ” ಎಂದಾಗಲೇ ನನಗೆ ಎಚ್ಚರ.

ಎರಡೂ ಕಿವಿಯಲ್ಲಿ ಬಹಳ ಕಡಿಮೆ. ತೀರ ಇಲ್ಲವೇ ಇಲ್ಲ ಎಂದಲ್ಲ, ತಗ್ಗು ಸ್ವರದ ಕಡೆ ಸ್ವಲ್ಪ ಉಳಿದಿದೆಯಂತೆ. ಹುಟ್ಟುವಾಗಲೇ ಹಾಗೆ. ಯಾರು ಏನು ತಿಂದದ್ದರಿಂದಲೂ ಅಲ್ಲ, ಯಾರು ಬಿದ್ದದ್ದರಿಂದಲೂ ಅಲ್ಲ ಎಂದು ನಾನು ಕೇಳುವ ಮೊದಲೇ ಹೇಳಿದಳು, ಎಲ್ಲ ತಾಯಂದಿರೂ ಕೇಳುತ್ತಾರಂತೆ. ಕಿವಿಯ ಅಚ್ಚು ತೆಗೆದಿದ್ದಾರೆ. ಮುಂದಿನ ತಿಂಗಳು ಮೊದಲಿಗೆ ಕಿವಿಗೆ ಕೇಳಿಸುವ ಯಂತ್ರ ಹಾಕಿ ನೋಡುತ್ತಾರೆ. ಸಾಲದಿದ್ದರೆ ಒಂದು ವರ್ಷ ತುಂಬುವಾಗ ಆಪರೇಷನ್. “ಒಳ್ಳೇ ಹೊತ್ತಲ್ಲಿ ಬಂದಿದೀರ. ಮೂರು ವರ್ಷ ಆದ್ಮೇಲೆ ಬರೋರೇ ಜಾಸ್ತಿ” ಎಂದಳು. ಅವಳಿಗೆ ನಮ್ಮ ಸ್ಪೀಕರಿನ ಕಥೆ ಹೇಳಿದೆ. ಕಂಬಳಿಯ ಭಾಗಕ್ಕೆ ಬಂದಾಗ ಬರೆಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು. “ಇಲ್ಲಿ ಕೆಲ್ಸಕ್ಕೆ ಬರ್ತೀರಾ?” ಎಂದಳು. ತಮಾಷೆಗೆ ಅಂದದ್ದೇ ಇರಬಹುದು, ಆದರೆ ಬಸ್ಸಿನಲ್ಲಿ ಬರುವಾಗಲೆಲ್ಲ ಅದೇ ಯೋಚನೆ.

ಅತ್ತೆ ಎರಡು ದಿನ ಯಾರ ಹತ್ತಿರವೂ ಮಾತಾಡಲಿಲ್ಲ. ಮೂರನೇ ದಿನ ನೋಡುತ್ತೇನೆ, ದಿವಾನದ ಮೇಲೆ ಕಡಲೆಯ ಹಿಂದೆ ಕೂತು ಗೆಣ್ಣಿನಿಂದ ಹಲಗೆ ತಟ್ಟಿ ಅವಳನ್ನು ಕರೆಯುತ್ತಿದ್ದಾರೆ. ನನ್ನನ್ನು ಕಂಡು, “ಏನ್ ನೋಡ್ತೀಯ? ನಮ್ಮಿಬ್ರ ಮಾತು ನಿಂಗೆ ಕೇಳಲ್ಲ” ಎಂದರು.

ಈಗ ನಿನ್ನ ಸರದಿ. ನೀನು ಅವಳನ್ನು ಇನ್ನೂ ನೋಡಿಲ್ಲ. ಈ ಮನೆಯಲ್ಲಿ ನಿನಗೆ ಜಾಗವಿದೆಯೇ ಎಂದು ನೀನು ಕೇಳುವುದಿಲ್ಲ, ನನಗೆ ಗೊತ್ತು. ಇವರೂ ಬಾ ಎಂದು ಬರೆಯುವುದಿಲ್ಲ. ಆದರೆ ನಿನ್ನೆ ನಡುಮನೆಯ ಕುರ್ಚಿಗಳನ್ನೆಲ್ಲ ಗೋಡೆಗೆ ಸರಿಸಿ, “ಚಾಪೆ ಹಾಕಿದ್ರೆ ಒಬ್ರು ಮಲಗ್ಬೋದು” ಎಂದು ಯಾರಿಗೋ ಎಂಬಂತೆ ಹೇಳಿ ಹೋದರು.

ಯಂತ್ರ ಹಾಕುವ ದಿನಕ್ಕೆ ಬಾ. ರಜೆ ಸಿಗದಿದ್ದರೆ ಲಿಫ್ಟುಗಳು ಒಂದು ದಿನ ನಿಲ್ಲಲಿ, ಜನ ಮೆಟ್ಟಿಲು ಹತ್ತುತ್ತಾರೆ.

ಒಂದು ಷರತ್ತು. ಆ ಹುಡುಗಿ ಹೇಳಿದ್ದಾಳೆ: ಮಗುವಿನ ಎದುರು ಕೂತು, ಬೆಳಕಿಗೆ ಮುಖ ಮಾಡಿ ಮಾತಾಡಬೇಕು. ತುಟಿ ಪೂರ್ತಿ ಕಾಣಬೇಕು. ಇವರು ಅವತ್ತೇ ಸಂಜೆ ಗಡ್ಡಮೀಸೆ ಬೋಳಿಸಿಕೊಂಡು ಬಂದರು. ಮದುವೆಯಾದಾಗಿನಿಂದ ನಾನು ಆ ಮುಖ ನೋಡಿಯೇ ಇರಲಿಲ್ಲ, ಗದ್ದದಲ್ಲಿ ಒಂದು ಗುಳಿಯಿದೆ. ಕಡಲೆ ಮೊದಲು ಅತ್ತಳು, ಆಮೇಲೆ ಆ ಗುಳಿಗೆ ಬೆರಳು ಹಾಕಿದಳು.

ಕಾಲೇಜಿನ ಮೊದಲ ವರ್ಷದಿಂದ ನೀನು ಸಾಕಿಕೊಂಡು ಬಂದ ಆ ಪೊದೆ ಮೀಸೆ ನಿನಗೆ ಎಷ್ಟು ಪ್ರೀತಿ ಎಂದು ನನಗೆ ಗೊತ್ತು. ತೆಗೆದು ಬಾ. ನೀನು ಏನು ಹೇಳುತ್ತಿದ್ದೀಯ ಎಂದು ಅವಳು ನೋಡಬೇಕು.

ನಿನ್ನ
ಗೊಣಗಿ